ನೆಲ ತಗ್ಗಿಸಿದ ವರ್ಷ

ನಮ್ಮಕ್ಕ ಹುಡುಗಿಯರ ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿದ್ದಳು. ಊರಿಗೆಲ್ಲ ಅವಳು ಡ್ರಿಲ್ ಮೇಡಮ್ಮೇ. ಸ್ವಂತ ಹೆಸರು ಹಿಡಿದು ಕರೆಯುತ್ತಿದ್ದವರು ನಮ್ಮಮ್ಮ ಒಬ್ಬರೇ, ಅವರೂ ಸಿಟ್ಟು ಬಂದಾಗ ಮಾತ್ರ. ಮದುವೆಯ ಮಾತೆತ್ತಿದಾಗಲೆಲ್ಲ "ಮೊದಲು ತಂಗೀದಾಗಲಿ" ಎಂದು ನನ್ನನ್ನು ಮುಂದಕ್ಕೆ ತಳ್ಳಿದಳು. ನನ್ನದಾಯಿತು, ಅವಳದು ಅಲ್ಲಿಗೇ ನಿಂತಿತು. ಅಮ್ಮ ತೀರಿಕೊಂಡ ಮೇಲೆ ಒಂದು ಟ್ರಂಕು, ಎರಡು ಬ್ಯಾಟು ಹಿಡಿದುಕೊಂಡು ನಮ್ಮ ಮನೆಗೇ ಬಂದಳು. ನಮ್ಮ ಯಜಮಾನರು ನದಿ ಬಂದರಿನ ಉಣ್ಣೆ ಗೋದಾಮಿನ ಮೇಲ್ವಿಚಾರಕರು. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನವರ ಅಂಗಿ, ಲಂಗ ಹೊಲಿಯುತ್ತಿದ್ದೆ.

ಬ್ಯಾಡ್ಮಿಂಟನ್‌ನಲ್ಲಿ ಅಕ್ಕನನ್ನು ಸೋಲಿಸಿದವರು ಸುತ್ತಮುತ್ತ ಯಾರೂ ಇರಲಿಲ್ಲ. ಗಂಡಸರೂ ಅವಳ ಎದುರು ನಿಲ್ಲುವ ಮೊದಲು ಮೊಣಕಾಲು ನೋವಿನ ಕಥೆ ಹೇಳಿಕೊಳ್ಳುತ್ತಿದ್ದರು, ಆಮೇಲೆ ನೆಪಕ್ಕೆ ಬೇಕಾಗುತ್ತದೆ ಎಂದು. ಗೆದ್ದ ಕಪ್ಪುಗಳು ಕಪಾಟಿನಲ್ಲಿ ಹಿಡಿಸದಷ್ಟಾದಾಗ ಅವುಗಳಲ್ಲಿ ಕೆಲವನ್ನು ನಾನು ಎತ್ತಿಕೊಂಡು ಗುಂಡಿ, ಹುಕ್ಕು, ದಾರದ ಉಂಡೆ ಹಾಕಿಡುತ್ತಿದ್ದೆ. ಅಕ್ಕ ಏನೂ ಅನ್ನುತ್ತಿರಲಿಲ್ಲ. ಗೆಲ್ಲುವುದು ಅವಳಿಗೆ ಬೆಳಿಗ್ಗೆ ಹಲ್ಲುಜ್ಜಿದಷ್ಟೇ ಸಲೀಸಾಗಿಬಿಟ್ಟಿತ್ತು. ಈಗ ಯೋಚಿಸಿದರೆ ಅನ್ನಿಸುತ್ತದೆ, ಆ ದಿನಗಳಲ್ಲಿ ಅವಳ ಮುಖದಲ್ಲಿ ಒಂದು ಬಗೆಯ ಬೇಸರವಿತ್ತು. ಒಂದೇ ಪಾಠವನ್ನು ವರ್ಷವರ್ಷವೂ ಮಾಡುವ ಮೇಷ್ಟರ ಮುಖದಲ್ಲಿರುತ್ತದಲ್ಲ, ಅಂಥದ್ದು.

ಹೀಗಿರುವಾಗ ಒಂದು ಮಧ್ಯಾಹ್ನ ಪ್ರಯಾಣಿಕರ ದೊಡ್ಡ ದೋಣಿಯೊಂದು ಎಂಜಿನ್ ಕೆಟ್ಟು ನಮ್ಮ ಬಂದರಿಗೆ ಬಂದು ನಿಂತಿತು. ಅದರಲ್ಲಿ ಹೊರದೇಶದ ಬ್ಯಾಡ್ಮಿಂಟನ್ ತಂಡವೊಂದಿತ್ತು. ರಾಜಧಾನಿಯಲ್ಲಿ ಆಡಲು ಹೊರಟವರು. ದುರಸ್ತಿಗೆ ಮೂರು ದಿನವಾದರೂ ಬೇಕು ಎಂದರು ಬಂದರಿನ ಮೆಕ್ಯಾನಿಕ್ಕುಗಳು. ಅಷ್ಟು ದಿನ ಸುಮ್ಮನೆ ಕೂತರೆ ಮೈ ಜಡ್ಡುಗಟ್ಟುತ್ತದೆ, ಅಭ್ಯಾಸ ಮಾಡಲು ಎಲ್ಲಾದರೂ ಚಾವಣಿ ಇರುವ ಜಾಗ ಸಿಕ್ಕೀತೇ ಎಂದು ತಂಡದ ಮುಖ್ಯಸ್ಥ ಕೇಳಿದ. ಅವನ ಮಾತನ್ನು ನಮಗೆ ದಾಟಿಸಿದವನು ಬಂದರಿನ ಸರಕು ಗುಮಾಸ್ತ. ಅವನಿಗೆ ಆ ಭಾಷೆ ಅರ್ಧ ಬಾಯಲ್ಲಿ ಬರುತ್ತಿತ್ತು, ಉಳಿದರ್ಧ ಕೈಯಲ್ಲಿ. ಆ ವಾರ ಉಣ್ಣೆಯ ಪಿಂಡಿಗಳೆಲ್ಲ ಸಾಗಿಹೋಗಿ ಗೋದಾಮು ಬರಿದಾಗಿತ್ತು. ನಮ್ಮ ಯಜಮಾನರು ಬೀಗ ತೆಗೆದುಕೊಟ್ಟರು. ನೆಲಕ್ಕೆ ಸುಣ್ಣದಲ್ಲಿ ಗೆರೆ ಎಳೆದು, ಶಾಲೆಯ ನೆಟ್ಟನ್ನು ತಂದು ಎರಡು ಕಂಬಕ್ಕೆ ಬಿಗಿದರು.

ಸಾಯಂಕಾಲದ ಹೊತ್ತಿಗೆ ಅರ್ಧ ಊರು ಅಲ್ಲಿತ್ತು. ಅಕ್ಕ ಶಾಲೆ ಬಿಟ್ಟವಳೇ ಬ್ಯಾಟು ಹಿಡಿದು ಬಂದಳು. "ಒಂದಾಟ ಆಡಿಸಿ, ಹೊರಗಿನವರ ಜೊತೆ ನಮ್ಮವರದ್ದೂ ಒಂದಾಗಿಬಿಡಲಿ" ಎಂದು ಜನ ಗಲಾಟೆ ಮಾಡಿದರು. ತಂಡದವರು ನಕ್ಕು, ತಮ್ಮಲ್ಲಿ ಒಬ್ಬಳನ್ನು ಮುಂದೆ ಕಳಿಸಿದರು. ಉದ್ದನೆಯ ಕಾಲು, ಉದ್ದನೆಯ ಕತ್ತು, ಒಂದು ಹೆಜ್ಜೆ ಇಟ್ಟರೆ ನಮ್ಮ ಎರಡು ಹೆಜ್ಜೆಯಷ್ಟು. ಹಿಂದೆ ಕೂತಿದ್ದ ಹಮಾಲಿಗಳಲ್ಲಿ ಯಾರೋ "ಕೊಕ್ಕರೆ ಬಂತು ನೋಡ್ರೋ" ಎಂದರು. ಆ ಹೆಸರು ಅಲ್ಲೇ ಅವಳಿಗೆ ಅಂಟಿಕೊಂಡಿತು.

ಮೊದಲ ಸರ್ವಿಸ್ ಅಕ್ಕನದು. ಎತ್ತರಕ್ಕೆ, ಹಿಂದಿನ ಗೆರೆಗೆ, ಅವಳು ಯಾವಾಗಲೂ ಹೊಡೆಯುವಂತೆ. ಕೊಕ್ಕರೆ ಹಿಂದಕ್ಕೆ ಓಡಿದ್ದು ನಮಗೆ ಕಾಣಲಿಲ್ಲ, ಅಲ್ಲಿ ಇದ್ದದ್ದಷ್ಟೇ ಕಂಡಿತು. ಆಮೇಲೆ ಒಂದು ಸದ್ದು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬೀಸಿ ಬಡಿದಂಥ ಸದ್ದು. ಶಟಲ್ ಎಲ್ಲಿ ಎಂದು ನಾವು ಮೇಲೆ ನೋಡುತ್ತಿದ್ದರೆ ಅದು ಆಗಲೇ ಅಕ್ಕನ ಕಾಲಬಳಿ ಬಿದ್ದು ಉರುಳುತ್ತಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಏನಾಯಿತೆಂದು ತಿಳಿದರಲ್ಲವೇ ತಟ್ಟುವುದು?

ಮುಂದಿನ ಸಲ ಅಕ್ಕ ಹಿಂದೆ ಸರಿದು ಕಾದಳು. ಕೊಕ್ಕರೆ ಅದೇ ತೋಳು ಬೀಸಿದಳು, ಅದೇ ರಭಸ, ಆದರೆ ಶಟಲ್ ಬಲೆಯ ಮೇಲೆ ಬಂದು, ಇಳಿಯಲೋ ಬೇಡವೋ ಎಂದು ಯೋಚಿಸಿದಂತೆ ಕ್ಷಣ ನಿಂತು, ಬಲೆಗೆ ಅಂಟಿಕೊಂಡೇ ಜಾರಿತು. ಅಕ್ಕ ಮುಂದೆ ಹಾರಿದಳು, ಮೊಣಕಾಲು ತರಚಿತು, ಶಟಲ್ ಸಿಗಲಿಲ್ಲ. ಹೀಗೇ ನಡೆಯಿತು. ಆಗಿನ ಲೆಕ್ಕದಲ್ಲಿ ಹೆಂಗಸರ ಆಟಕ್ಕೆ ಹನ್ನೊಂದು ಪಾಯಿಂಟು. ಮೊದಲ ಆಟ ಹನ್ನೊಂದು–ಸೊನ್ನೆ. ಎರಡನೆಯದೂ ಹನ್ನೊಂದು–ಸೊನ್ನೆ. ಊರಿನ ಡ್ರಿಲ್ ಮೇಡಂ ಒಂದೇ ಒಂದು ಪಾಯಿಂಟು ತೆಗೆದುಕೊಳ್ಳಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು. ನಮ್ಮ ಯಜಮಾನರು ಬೀಗದ ಗೊಂಚಲನ್ನು ಈ ಕೈಯಿಂದ ಆ ಕೈಗೆ ಹಾಕಿಕೊಳ್ಳುತ್ತ ನಿಂತಿದ್ದರು.

ಮನೆಗೆ ಬಂದ ಮೇಲೆ ನಾನು ತಟ್ಟೆ ಹಾಕಿದೆ. ಅಕ್ಕ ಕೂತಳು, ಊಟಕ್ಕೆ ಕೈ ಹಾಕಲಿಲ್ಲ. ಸಮಾಧಾನ ಮಾಡೋಣವೆಂದು "ಹೋಗ್ಲಿ ಬಿಡಕ್ಕ, ಅವರದ್ದು ಅದೇ ಕಸುಬು. ನಿಂಗೆ ಮಕ್ಕಳ ಹತ್ರ ಕವಾಯತು ಮಾಡಿಸೋಕೇ ಹೊತ್ತು ಸಾಲಲ್ಲ" ಎಂದೆ.

ಅವಳು ತಲೆಯೆತ್ತಿದಳು. ನಾನು ಅಂದುಕೊಂಡ ಮುಖ ಅದಾಗಿರಲಿಲ್ಲ. ಕಣ್ಣು ಹೊಳೆಯುತ್ತಿದ್ದವು.

"ನೋಡಿದ್ಯೇನೇ? ಆ ಬಲೆ ಹತ್ರ ಜಾರಿಸಿದ ಡ್ರಾಪು ನೋಡಿದ್ಯಾ?"

"ನೋಡ್ದೆ. ನೀನು ಬಿದ್ದಿದ್ದೂ ನೋಡ್ದೆ."

"ಬಿದ್ದಿದ್ದು ಬಿಡು. ಇಷ್ಟು ವರ್ಷ ನಾನು ಆಡಿದ್ದು ಆಟ ಅಂದ್ಕೊಂಡಿದ್ದೆ ಕಣೇ. ಆಟ ಇವತ್ತು ಊರಿಗೆ ಬಂತು. ಬಾವಿ ಒಳಗೆ ಕೂತು ಇದೇ ನೀರು ಅಂತಿದ್ದೆ, ಸಮುದ್ರ ಬಂದು ಬಾಗಿಲು ತಟ್ಟಿತು."

"ಸೋತವಳು ಆಡೋ ಮಾತಾ ಇದು?" ಎಂದರು ನಮ್ಮ ಯಜಮಾನರು.

"ಸೋತವಳಿಗೇ ಅಪ್ಪಾ ಚೆನ್ನಾಗಿ ಕಾಣೋದು. ನೀವೆಲ್ಲ ಪಕ್ಕದಿಂದ ನೋಡಿದ್ರಿ, ನಾನು ಎದುರಿಂದ ನೋಡ್ದೆ" ಎಂದಳು ಅಕ್ಕ.

ದೋಣಿ ಹೊರಡುವ ಬೆಳಿಗ್ಗೆ ಅವಳು ಕಟ್ಟೆಯ ಮೇಲೆ ಕೊಕ್ಕರೆಯನ್ನು ತಡೆದು ನಿಲ್ಲಿಸಿದಳು, ಜೊತೆಗೆ ಗುಮಾಸ್ತನನ್ನು ಎಳೆದುಕೊಂಡು. "ಮುಂದಿನ ವರ್ಷ ಇದೇ ವಾರ ಬರಬೇಕು. ಇನ್ನೂ ಮೂರ್ನಾಲ್ಕು ಜನರನ್ನ ಕರ್ಕೊಂಡು ಬಾ ಅಂತ ಹೇಳು" ಎಂದಳು. ಗುಮಾಸ್ತ ಹೇಳಿದ. ಕೊಕ್ಕರೆ ಏನೋ ಕೇಳಿದಳು. "ಯಾಕೆ, ಮತ್ತೆ ಸೋಲೋದಕ್ಕಾ ಅಂತ ಕೇಳ್ತಿದಾಳೆ ಮೇಡಂ" ಎಂದು ಅವನು ತಲೆ ಕೆರೆದುಕೊಂಡ.

"ಹೂಂ, ಸೋಲೋದಕ್ಕೇ. ಈ ಸಲ ನಾನೊಬ್ಬಳೇ ನೋಡ್ದೆ. ಊರೆಲ್ಲ ನೋಡಬೇಕು ಅನ್ನು."

ಕೊಕ್ಕರೆ ನಗಲಿಲ್ಲ. ಅಕ್ಕನ ತರಚಿದ ಮೊಣಕಾಲಿನ ಕಡೆಗೆ ಕೈ ತೋರಿಸಿ ಏನೋ ಅಂದಳು; ದೋಣಿಯ ಸೀಟಿಯಲ್ಲಿ ಅದು ಗುಮಾಸ್ತನಿಗೂ ಕೇಳಿಸಲಿಲ್ಲ.

ಆ ಒಂದು ವರ್ಷ ಅಕ್ಕ ಊರಿನ ಬಾಯಿಗೆ ಸಿಕ್ಕಿಕೊಂಡಳು. "ಮೇಡಂ, ನಿಮ್ಮ ಕೊಕ್ಕರೆ ಎಲ್ಲಿವರೆಗೆ ಹಾರಿ ಬಂತು?" ಎಂದು ತರಕಾರಿಯವನೂ ಕೇಳುತ್ತಿದ್ದ. ಅವಳು ಮಾತ್ರ ಗೋದಾಮಿನ ಕಿಟಕಿಗಳ ಅಳತೆ ತೆಗೆದುಕೊಂಡು ಬಂದು ನನ್ನ ಮುಂದಿಟ್ಟಳು. ಗಾಳಿ ಬಂದರೆ ಶಟಲ್ ದಿಕ್ಕು ತಪ್ಪುತ್ತದೆ, ಪರದೆ ಬೇಕು. ಹಳೆಯ ಉಣ್ಣೆ ಚೀಲಗಳನ್ನು ಬಿಚ್ಚಿ, ಒಗೆದು, ಒಂದಕ್ಕೊಂದು ಜೋಡಿಸಿ ಹೊಲಿದೆ. ಸೂಜಿ ಎಷ್ಟು ಮುರಿದವೋ. ನಮ್ಮ ಯಜಮಾನರು ಗೊಣಗುತ್ತಲೇ ತೊಲೆಯ ಮೇಲಿನ ಪಾರಿವಾಳದ ಗೂಡುಗಳನ್ನು ತೆಗೆಸಿದರು. ಪಾರಿವಾಳಗಳು ಎರಡೇ ದಿನದಲ್ಲಿ ವಾಪಸು ಬಂದವು.

ಹೇಳಿದ ವಾರ ಬಂತು. ದೋಣಿಯೂ ಬಂತು. ಮೊದಲು ಇಳಿದದ್ದು ಕೊಕ್ಕರೆಯ ಕಾಲೇ. ಅಷ್ಟು ಉದ್ದದ ಕಾಲು ಬೇರೆ ಯಾರಿಗಿದೆ? ಅವಳ ಹಿಂದೆ ಅವಳ ದೇಶದ ಇಬ್ಬರು, ಅವರ ಹಿಂದೆ ಇನ್ನೂ ಎರಡು ದೇಶಗಳ ಆಟಗಾರ್ತಿಯರು. ತರಕಾರಿಯವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹೋಟೆಲ್ಲು ಎನ್ನುವಂಥದ್ದು ಊರಲ್ಲಿ ಇರಲಿಲ್ಲವಾದ್ದರಿಂದ ಒಬ್ಬೊಬ್ಬರನ್ನು ಒಂದೊಂದು ಮನೆಗೆ ಹಂಚಿದೆವು. ಕೊಕ್ಕರೆ ನಮ್ಮ ಮನೆಗೆ ಬಂದಳು. ಮಂಚ ಸಾಲದೆ ಕಾಲಬಳಿ ನನ್ನ ಹೊಲಿಗೆ ಯಂತ್ರದ ಸ್ಟೂಲು ಇಟ್ಟೆವು. ಬಹುಮಾನಕ್ಕೆ ಕಪ್ಪು ತರಿಸುವುದು ಕೊನೆ ಗಳಿಗೆಯಲ್ಲಿ ನೆನಪಾಗಿ, ನಮ್ಮ ಯಜಮಾನರು ಉಣ್ಣೆ ತೂಗುವ ತಕ್ಕಡಿಯ ಹಿತ್ತಾಳೆ ತಟ್ಟೆಯನ್ನೇ ಬಿಚ್ಚಿ, ಹುಣಿಸೆಹಣ್ಣು ಹಾಕಿ ತಿಕ್ಕಿ ಕೊಟ್ಟರು. ಇವತ್ತಿಗೂ ಗೆದ್ದವರು ಎತ್ತಿ ಹಿಡಿಯುವುದು ಆ ತಟ್ಟೆಯನ್ನೇ.

ಹಾಗೆ ಶುರುವಾದದ್ದು. ವರ್ಷದಿಂದ ವರ್ಷಕ್ಕೆ ದೇಶಗಳು ಹೆಚ್ಚಿದವು, ಗಂಡಸರ ಆಟ ಸೇರಿತು, ಜೋಡಿ ಆಟ ಸೇರಿತು. ನಮ್ಮೂರಿನ ಹುಡುಗಿಯರು ಬೆಳಗಾಗುವ ಮೊದಲೇ ಗೋದಾಮಿನ ಬಾಗಿಲ ಮುಂದೆ ಬ್ಯಾಟು ಹಿಡಿದು ನಿಲ್ಲತೊಡಗಿದರು. ಅಕ್ಕ ಪ್ರತಿ ವರ್ಷವೂ ಆಡಲು ಇಳಿಯುತ್ತಿದ್ದಳು, ಪ್ರತಿ ವರ್ಷವೂ ಮೊದಲ ಸುತ್ತಿನಲ್ಲೇ ಸೋಲುತ್ತಿದ್ದಳು. ಒಂದು ವರ್ಷ ಮತ್ತೆ ಕೊಕ್ಕರೆಯೇ ಎದುರಾದಳು. ಆಗ ಅವಳು ಜಗತ್ತಿನಲ್ಲೇ ಮೊದಲಿಗಳು ಎಂದು ಎಲ್ಲ ಕಡೆ ಹೆಸರಾಗಿತ್ತು. ಎರಡನೆಯ ಆಟದಲ್ಲಿ ಅಕ್ಕ ಬಲೆಯ ಬಳಿ ಒಂದು ಶಟಲನ್ನು ಎಷ್ಟು ಮೆಲ್ಲಗೆ ಮುಟ್ಟಿದಳೆಂದರೆ ಅದು ಆ ಕಡೆ ಬಿದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಆಗ ಸರ್ವಿಸ್ ಮಾಡಿದವರಿಗಷ್ಟೇ ಪಾಯಿಂಟು ಸಿಗುತ್ತಿತ್ತು; ಸರ್ವಿಸ್ ಅವಳದೇ ಆಗಿದ್ದರಿಂದ ಪಾಯಿಂಟು ಅವಳದಾಯಿತು. ಒಂದೇ ಒಂದು. ಕೊಕ್ಕರೆ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು. ಗೋದಾಮು ಎದ್ದು ನಿಂತಿತು. ಕಣ್ಣಿಗೆ ಉಣ್ಣೆಯ ಧೂಳು ಹೋಯಿತು ಎಂದು ನಮ್ಮ ಯಜಮಾನರು ಬಹಳ ಹೊತ್ತು ಕರ್ಚೀಫು ಹಿಡಿದುಕೊಂಡಿದ್ದರು. ಆಗ ಗೋದಾಮಿಗೆ ಉಣ್ಣೆ ಬರುವುದು ನಿಂತು ಎರಡು ವರ್ಷವಾಗಿತ್ತು.

ಆಮೇಲೆ ಬಂತು ಕಂಟಕ. ಪಂದ್ಯಾವಳಿ ದೊಡ್ಡದಾದಂತೆ ಅಂತಾರಾಷ್ಟ್ರೀಯ ಸಂಸ್ಥೆಯವರ ಕಣ್ಣು ಬಿತ್ತು. ಅವರ ಕಡೆಯಿಂದ ಒಬ್ಬ ಪರಿಶೀಲಕರು ಬಂದರು. ನರೆತ ಗಡ್ಡ, ಕಂಕುಳಲ್ಲಿ ಟೋಪಿ, ಮಿತವಾದ ಮಾತು. ಎಲ್ಲವನ್ನೂ ನೋಡಿದರು, ಪರದೆಗಳನ್ನು ಮುಟ್ಟಿ ಮೆಚ್ಚಿದರು, ಕೊನೆಗೆ ಏಣಿ ತರಿಸಿ ನೆಲದಿಂದ ತೊಲೆಗೆ ಅಳತೆ ಹಿಡಿಸಿದರು. ಎತ್ತರಕ್ಕೆ ಹೊಡೆದ ಶಟಲ್ ತೊಲೆಗೆ ತಾಗಬಾರದು; ಹೊಸ ನಿಯಮಕ್ಕೆ ನಮ್ಮ ಗೋದಾಮು ಒಂದಾಳುದ್ದ ಕಡಿಮೆಯಿತ್ತು. "ನನಗೂ ಬೇಜಾರು. ಮುಂದಿನ ವರ್ಷದಿಂದ ರಾಜಧಾನಿಯ ಹೊಸ ಕ್ರೀಡಾಂಗಣಕ್ಕೆ ಹೋಗಬೇಕಾಗುತ್ತದೆ, ಇಲ್ಲವೇ ಪಂದ್ಯಾವಳಿಗೆ ಮಾನ್ಯತೆ ಇರುವುದಿಲ್ಲ" ಎಂದರು. ಗುಮಾಸ್ತ ಇದನ್ನು ದಾಟಿಸುವಾಗ ಅವನ ಕೈಗಳು ಎಂದಿನಂತೆ ಆಡಲಿಲ್ಲ.

ಸಂಜೆ ಗೋದಾಮಿನಲ್ಲೇ ಊರು ಸೇರಿತು. ಚಾವಣಿ ಎತ್ತರಿಸೋಣ ಎಂದರು ಕೆಲವರು. ಬಂದರಿನ ಎಂಜಿನಿಯರು ತಲೆ ಅಲ್ಲಾಡಿಸಿದಳು. ಅವಳು ಅಕ್ಕನ ಹಳೆಯ ವಿದ್ಯಾರ್ಥಿನಿ. "ಆ ತೊಲೆಗಳು ಒಂದನ್ನೊಂದು ತಬ್ಬಿಕೊಂಡು ನಿಂತಿವೆ. ಒಂದನ್ನ ಅಲ್ಲಾಡಿಸಿದ್ರೆ ಎಲ್ಲಾ ಬರ್ತವೆ" ಎಂದಳು. ನಮ್ಮ ಯಜಮಾನರು ಎದ್ದು, ಇಷ್ಟು ವರ್ಷ ನಡೆದದ್ದೇ ದೊಡ್ಡದು, ಸಂತೋಷವಾಗಿ ಕಳಿಸಿಕೊಡೋಣ ಎಂಬರ್ಥದ ಮಾತನ್ನು ಶುರುಮಾಡಿದರು. ಮಗಳನ್ನು ಗಂಡನ ಮನೆಗೆ ಕಳಿಸುವವರ ದನಿ ಇತ್ತು ಅದರಲ್ಲಿ.

ಅಕ್ಕ ಅಷ್ಟು ಹೊತ್ತೂ ಮೇಲೆ ನೋಡುತ್ತಿದ್ದವಳು ಈಗ ಕೆಳಗೆ ನೋಡಿದಳು. "ಮೇಲೆ ಹೋಗೋಕೆ ಆಗಲ್ಲ ತಾನೆ? ಕೆಳಗೆ ಹೋಗೋಣ."

"ಏನತ್ತಿಗೆ?" ಎಂದರು ನಮ್ಮ ಯಜಮಾನರು.

"ನೆಲ ಅಗೆಯೋಣ."

ಜನ ಗೊಳ್ಳೆಂದು ನಕ್ಕರು. "ಅತ್ತಿಗೆ, ಇದು ಗೋದಾಮು, ಬಾವಿಯಲ್ಲ" ಎಂದರು ಇವರು. ಗಾರೆ ಮೇಸ್ತ್ರಿ ಕೈ ಮುಗಿದುಬಿಟ್ಟ: "ಗೋಡೆ ಬುಡಕ್ಕೆ ಕೈ ಹಾಕಿದ್ರೆ ಗೋಡೆ ನಮ್ಮ ತಲೆಗೆ ಕೈ ಹಾಕುತ್ತೆ ಮೇಡಮ್ಮ. ನಾನಂತೂ ಇಲ್ಲ." ಎಂಜಿನಿಯರು ಮಾತ್ರ ನಗಲಿಲ್ಲ. ಗೋಡೆಯಿಂದ ಗೋಡೆಗೆ ನಡೆದು ನೋಡಿ ಬಂದು, ಮೇಸ್ತ್ರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಧೂಳಿನಲ್ಲಿ ಬೆರಳಿನಿಂದ ಗೀಚಿದಳು. "ಬುಡ ಮುಟ್ಟೋದೇ ಬೇಡ. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಮಣ್ಣು ಬಿಟ್ಕೊಂಡು, ನಡುವೆ ಮಾತ್ರ ಇಳಿದ್ರೆ?" ಮೇಸ್ತ್ರಿ ಬಹಳ ಹೊತ್ತು ನೋಡಿದ. "ಆ ಮೆಟ್ಟಿಲ ಮೇಲೆ ಜನ ಕೂರಬಹುದಲ್ಲ!" ಎಂದು ಅವನೇ ಕೂಗಿದ.

"ಮೇಡಂ, ನನ್ನನ್ನ ಮೈದಾನ ಸುತ್ತು ಅಂತ ಎಷ್ಟು ಓಡಿಸಿದೀರಿ ನೆನಪಿದೆಯಾ?" ಎಂದಳು ಎಂಜಿನಿಯರು ಎದ್ದು ಕೈ ಒರೆಸಿಕೊಳ್ಳುತ್ತ. "ಈಗ ನೀವು ಬುಟ್ಟಿ ಹೊರಬೇಕು."

ಹೊತ್ತಳು. ನಾವೆಲ್ಲರೂ ಹೊತ್ತೆವು. ನೆಲದ ಇಟ್ಟಿಗೆಗಳನ್ನು ಎಬ್ಬಿಸಿ ಹೊರಗೆ ಜೋಡಿಸಿದ ದಿನ ಇದ್ದವರು ಬೆರಳೆಣಿಕೆಯಷ್ಟು. ಮರುದಿನ ಹಮಾಲಿಗಳು ಪಾಳಿ ಮುಗಿಸಿ ಬಂದರು. ಆಮೇಲೆ ಹಲ್ಲಿನ ಡಾಕ್ಟರು ಬಂದರು, ಅಂಚೆಯವರು ಬಂದರು, ಶಾಲೆಯ ಹುಡುಗಿಯರು ಸಾಲಾಗಿ ಬಂದರು. ಅಕ್ಕನಿಂದ ಯಾವಾಗಲೂ ಸೋಲುತ್ತಿದ್ದ ಪಕ್ಕದೂರಿನ ಆಟಗಾರರೂ ಗುದ್ದಲಿ ಹಿಡಿದು ಬಂದರು. ಗೋದಾಮಿನ ಹೊಟ್ಟೆಯಿಂದ ನದಿಯ ದಡದವರೆಗೆ ಜನರ ಸಾಲು. ಬುಟ್ಟಿ ಕೈಯಿಂದ ಕೈಗೆ, ತುಂಬಿದ್ದು ಆ ಕಡೆಗೆ, ಖಾಲಿಯಾದದ್ದು ಈ ಕಡೆಗೆ. ಯಾರೂ ಯಾರಿಗೂ ಹೀಗೆ ಮಾಡು ಹಾಗೆ ಮಾಡು ಎನ್ನುತ್ತಿರಲಿಲ್ಲ. ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿ ನಾನೂ ನಿಂತೆ. ನನ್ನ ಎಡಕ್ಕೆ ಯಾರು, ಬಲಕ್ಕೆ ಯಾರು ಎಂದು ನೋಡುವಷ್ಟು ಪುರುಸೊತ್ತಿರಲಿಲ್ಲ. ಒಮ್ಮೆ ತಿರುಗಿದರೆ, ಆರು ವರ್ಷದಿಂದ ಮಾತು ಬಿಟ್ಟಿದ್ದ ನಮ್ಮ ಓರಗಿತ್ತಿ. ಬುಟ್ಟಿ ಕೊಟ್ಟಳು, ಇಸಿದುಕೊಂಡೆ. "ನಿಧಾನ, ಭಾರ ಇದೆ" ಎಂದಳು. ಅಷ್ಟೇ ರಾಜಿ.

ಆ ಮಣ್ಣು ದಡದಲ್ಲಿ ಬಿದ್ದು ಬಿದ್ದು ಒಂದು ಏರಿಯೇ ಆಯಿತು. ಸಂಜೆ ವಾಕಿಂಗು ಹೋಗುವವರು ಈಗ ನಡೆಯುವುದು ಅದರ ಮೇಲೆಯೇ.

ಇನ್ನೇನು ಆಳ ಮುಟ್ಟಿತು ಎನ್ನುವಾಗ ಒಂದು ಬೆಳಿಗ್ಗೆ ಬಾಗಿಲು ತೆಗೆದ ನಮ್ಮ ಯಜಮಾನರು ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತರು. ಗುಂಡಿಯ ತುಂಬ ನೀರು. ನದಿ ಮಣ್ಣೊಳಗಿನಿಂದ ಬಂದುಬಿಟ್ಟಿತ್ತು. ಪಾರಿವಾಳಗಳು ಆಗಲೇ ಇಳಿದು ಸ್ನಾನ ಮಾಡುತ್ತಿದ್ದವು. ಪಂಪಿಟ್ಟು ಹೊರಹಾಕಿದರೆ ಮರುದಿನ ಮತ್ತೆ ಅಷ್ಟೇ ನೀರು. ಅಕ್ಕ ಮಣ್ಣಿನ ಮೆಟ್ಟಿಲ ಮೇಲೆ ಕೂತಳು. ಅವಳು ಹಾಗೆ ಕೈಚೆಲ್ಲಿ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಊರಿನವರ ಬೆನ್ನು ಮುರಿಸಿದೆ ಕಣೇ" ಎಂದಳು. "ಜನಕ್ಕೆ ಏನಂತ ಮುಖ ತೋರಿಸಲಿ?"

"ಮುಖ ಆಮೇಲೆ ತೋರಿಸು, ಮೊದಲು ಟೀ ಕುಡಿ" ಎಂದು ಲೋಟ ಕೈಗಿಟ್ಟೆ.

ಎಂಜಿನಿಯರೂ ಮೇಸ್ತ್ರಿಯೂ ಇಡೀ ದಿನ ಜಗಳವಾಡಿ ಒಂದು ಉಪಾಯಕ್ಕೆ ಬಂದರು. ಇನ್ನೂ ಸ್ವಲ್ಪ ಆಳಕ್ಕೆ ಹೋಗಿ, ದಪ್ಪ ಕಲ್ಲಿನ ಹಾಸು ಹಾಕುವುದು. ನೀರು ಕಲ್ಲಿನ ಸಂದಿಯಲ್ಲೇ ಹರಿದು ಮೂಲೆಯ ಬಾವಿಗೆ ಬೀಳುವುದು. ಅಲ್ಲಿಂದ ಪಂಪು ಅದನ್ನು ನದಿಗೆ ಕಳಿಸುವುದು. ಆದರೆ ಅಷ್ಟು ಕಲ್ಲು? ನಮ್ಮದು ಜೇಡಿಮಣ್ಣಿನ ಸೀಮೆ, ನಾಯಿಗೆ ಎಸೆಯಲೂ ಕಲ್ಲು ಹುಡುಕಬೇಕು.

ಉತ್ತರ ಬಂದದ್ದು ಬಂದರಿನಿಂದ. ಬರಿಗೈಲಿ ಬರುವ ದೋಣಿಗಳು ಹೊಯ್ದಾಡದಿರಲೆಂದು ತಳದಲ್ಲಿ ಕಲ್ಲು ತುಂಬಿಕೊಂಡು ಬರುತ್ತವೆ. ಸರಕು ಹೇರಿಕೊಳ್ಳುವಾಗ ಆ ಕಲ್ಲುಗಳನ್ನು ಎಲ್ಲಾದರೂ ಸುರಿಯಲೇಬೇಕು. ಗುಮಾಸ್ತ ದೋಣಿಯಿಂದ ದೋಣಿಗೆ ಹತ್ತಿ ಇಳಿದು, ಬಾಯಿಗಿಂತ ಹೆಚ್ಚು ಕೈ ಬಳಸಿ ಎಲ್ಲ ನಾವಿಕರಿಗೂ ಕಥೆ ಹೇಳಿದ. ಕಲ್ಲು ಬರತೊಡಗಿತು. ಕಪ್ಪು ಕಲ್ಲು, ಕೆಂಪು ಕಲ್ಲು, ಒಡೆದರೆ ಸಕ್ಕರೆಯಂತೆ ಮಿನುಗುವ ಬಿಳಿ ಕಲ್ಲು. ಯಾವುದು ಯಾವ ದೇಶದ ದಡದ್ದೋ. ನಾವಿಕನೊಬ್ಬ ತನ್ನ ಊರಿನ ಕಲ್ಲೆಂದು ಗುರುತು ಹಿಡಿದು, ಅದನ್ನು ಬುಟ್ಟಿಗೆ ಹಾಕದೆ ತಾನೇ ಎದೆಗವಚಿಕೊಂಡು ಇಳಿದು, ಜಾಗ ನೋಡಿ ಇಟ್ಟುಬಂದ. ಆ ಹೊತ್ತು ಗುಂಡಿಯಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡಿದೆವು. ನಮ್ಮೂರಿನ ಆಟದ ಅಂಗಳದಡಿಯಲ್ಲಿ ಭೂಮಿಯ ತುಂಡುತುಂಡೆಲ್ಲ ಬಂದು ಮಲಗುತ್ತಿತ್ತು.

ಅದೇ ವಾರ ಕೊಕ್ಕರೆ ಬಂದಳು. ಪಂದ್ಯಾವಳಿಗೆ ಇನ್ನೂ ದಿನಗಳಿದ್ದವು. ಆಟ ಬಿಟ್ಟು ಆಗಲೇ ಎರಡು ವರ್ಷವಾಗಿತ್ತು ಅವಳಿಗೆ, ಮೊಣಕಾಲು ಸವೆದಿದ್ದವು. ನಾವಿಕರ ಬಾಯಿಂದ ಸುದ್ದಿ ಕೇಳಿ ಹೊರಟು ಬಂದಳಂತೆ. ಗೋದಾಮಿನ ಬಾಗಿಲಲ್ಲಿ ನಿಂತು ಕೆಳಗೆ ನೋಡಿದಳು. ಮಣ್ಣು ಮೆತ್ತಿದ ನೂರಾರು ಜನ ತಲೆಯೆತ್ತಿ ಅವಳನ್ನು ನೋಡಿದರು. ಇಷ್ಟು ವರ್ಷದಲ್ಲಿ ನಮ್ಮ ಭಾಷೆ ಅವಳಿಗೆ ಅಷ್ಟಿಷ್ಟು ಬರುತ್ತಿತ್ತು. "ನಾನು ಕೊಕ್ಕರೆ. ನೀರು ಇದೆ ಅಂದ್ರು, ಬಂದೆ" ಎಂದಳು. ಗುಂಡಿಯಿಂದ ಎದ್ದ ನಗು ಚಾವಣಿಗೆ ಬಡಿದು ವಾಪಸು ಬಂತು. ಅವಳು ಪ್ಯಾಂಟು ಮಡಿಚಿ ಇಳಿದು ಸಾಲಿನಲ್ಲಿ ಅಕ್ಕನ ಪಕ್ಕ ನಿಂತಳು. ಜಗತ್ತು ಗೆದ್ದ ಆ ಕೈ ನಮ್ಮ ಬುಟ್ಟಿ ಹಿಡಿಯಿತು. ಬುಟ್ಟಿ ಕೊಡುವಾಗ ಅಕ್ಕ ಅವಳ ಎತ್ತರಕ್ಕೆ ತಕ್ಕಂತೆ ಸ್ವಲ್ಪ ಮೇಲೆತ್ತಿ ಕೊಡುತ್ತಿದ್ದಳು.

ಕಲ್ಲಿನ ಮೇಲೆ ಮರಳು, ಮರಳಿನ ಮೇಲೆ ಮರದ ಅಡ್ಡಪಟ್ಟಿ, ಅದರ ಮೇಲೆ ಹಲಗೆ. ಬಡಗಿಗಳು ಕೊನೆಯ ಮೊಳೆ ಹೊಡೆಯುವಾಗ, ಇನ್ನೊಮ್ಮೆ ಅಳತೆ ನೋಡಿ ಎಂದು ನಾವು ಬರೆದಿದ್ದ ಕಾಗದ ಹಿಡಿದು ಪರಿಶೀಲಕರು ಬಂದಿಳಿದರು. ಈ ಸಲ ಅವರು ಬಾಗಿಲಿನಲ್ಲೇ ತಡೆದು ನಿಂತರು. ಎದುರಿಗೆ ನೆಲವೇ ಇರಲಿಲ್ಲ, ಮೆಟ್ಟಿಲುಗಳು ಕೆಳಕ್ಕಿಳಿದಿದ್ದವು. ಒಂದೊಂದೇ ಇಳಿದರು. ಏಣಿ ನಿಲ್ಲಿಸಿದರು, ಅಳತೆ ಹಿಡಿಸಿದರು. ಪರಿಶೀಲಕರು ಮತ್ತೊಮ್ಮೆ ಹಿಡಿಸಿದರು. ಆಮೇಲೆ ಟೇಪನ್ನು ನಿಧಾನವಾಗಿ ಸುತ್ತಿಕೊಳ್ಳುತ್ತ ಗುಮಾಸ್ತನಿಗೆ ಏನೋ ಹೇಳಿದರು.

"ಅಂಗೈ ಅಗಲ ಜಾಸ್ತಿನೇ ಇದೆಯಂತೆ!" ಗುಮಾಸ್ತನ ದನಿ ಒಡೆಯಿತು.

"ಮೇಸ್ತ್ರಿ ಕೈ ಧಾರಾಳ" ಎಂದರು ನಮ್ಮ ಯಜಮಾನರು. ಆಮೇಲೆ ಯಾರು ಯಾರನ್ನು ತಬ್ಬಿಕೊಂಡರೋ ನಾನು ಹೇಳಲಾರೆ. ಪರಿಶೀಲಕರ ಟೋಪಿ ಎಲ್ಲೋ ಹೋಯಿತು, ಕೊನೆಗೂ ಸಿಗಲಿಲ್ಲ.

ಆ ವರ್ಷ ಅಕ್ಕ ಆಡಲಿಲ್ಲ. ಐವತ್ತು ದಾಟಿದ್ದಳು, ಬುಟ್ಟಿ ಹೊತ್ತು ಭುಜ ಊದಿತ್ತು. ಹೆಂಗಸರ ಫೈನಲ್ಲಿಗೆ ಅಂಪೈರ್ ಆಗಿ ಎತ್ತರದ ಕುರ್ಚಿಯಲ್ಲಿ ಕೂತಳು. ನಾನೂ ಇವರೂ ಮೊದಲ ಮೆಟ್ಟಿಲಲ್ಲಿ, ಅಂಗಳಕ್ಕೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿದ್ದೆವು. ನಮ್ಮ ಹಿಂದೆ, ಮೇಲೆ, ಸುತ್ತಲೂ ಊರು; ಒಂದು ದೊಡ್ಡ ಬೊಗಸೆಯ ತಳದಲ್ಲಿ ಇಬ್ಬರು ಹುಡುಗಿಯರು. ಒಬ್ಬಳು ಎಡಗೈಯವಳು, ಇನ್ನೊಬ್ಬಳು ಕುಳ್ಳಿ, ಚುರುಕು ಎಂದರೆ ಚುರುಕು. ಎರಡು ಬೇರೆ ಬೇರೆ ದೇಶದವರು, ಇಬ್ಬರಿಗೂ ಇಪ್ಪತ್ತು ತುಂಬಿರಲಾರದು.

ಒಂದೊಂದು ಆಟ ಗೆದ್ದು ಇಬ್ಬರೂ ಸಮವಾಗಿದ್ದರು. ಮೂರನೆಯ ಆಟದ ನಡುವೆ ಒಂದು ರ‍್ಯಾಲಿ ಶುರುವಾಯಿತು. ಎಡಗೈಯವಳು ಸರ್ವಿಸನ್ನೇ ಎತ್ತರಕ್ಕೆ ಹೊಡೆದಳು. ಎಷ್ಟು ಎತ್ತರವೆಂದರೆ ಶಟಲ್ ತೊಲೆಗಳ ಕತ್ತಲಿಗೆ ಹೋಗಿ ಮರೆಯಾಗಿ, ಆಮೇಲೆ ಬೆಳಕಿಗೆ ಇಳಿದು ಬಂತು. ಕುಳ್ಳಿ ಅಪ್ಪಳಿಸಿದಳು. ಅದು ಹಿಂದಕ್ಕೆ ಬಂತು. ಮತ್ತೆ ಅಪ್ಪಳಿಸಿದಳು, ಮತ್ತೆ ಬಂತು. ಬಲೆಯ ಬಳಿ, ಹಿಂದಿನ ಗೆರೆ, ಆ ಮೂಲೆ, ಈ ಮೂಲೆ. ಬಿತ್ತು ಎನ್ನುವಾಗ ಒಂದು ಬ್ಯಾಟು ಅದರ ಕೆಳಗಿರುತ್ತಿತ್ತು. ಹಲಗೆಯ ಮೇಲೆ ಬೂಟಿನ ಕಿರುಚಾಟ, ಆ ಎರಡು ಎದೆಗಳ ಏದುಸಿರು ನಮಗೆ ಕೇಳಿಸುತ್ತಿತ್ತು. ನಮ್ಮ ಯಜಮಾನರು ನನ್ನ ಮಣಿಕಟ್ಟು ಹಿಡಿದವರು ಬಿಡಲಿಲ್ಲ, ಗುರುತು ಎರಡು ದಿನ ಇತ್ತು. ಕೊನೆಗೆ ಎಡಗೈಯವಳು ಬಿದ್ದು, ಬಿದ್ದಲ್ಲಿಂದಲೇ ಬ್ಯಾಟು ಚಾಚಿದಳು. ಶಟಲ್ ಬಲೆಯ ಅಂಚು ಹತ್ತಿ, ಅಲ್ಲಿ ಒಮ್ಮೆ ಉರುಳಿ, ಕುಳ್ಳಿಯ ಕಡೆ ಬಿತ್ತು.

ಚಪ್ಪಾಳೆ ಇಲ್ಲ, ಕೂಗು ಇಲ್ಲ. ಎಡಗೈಯವಳು ಬಿದ್ದಲ್ಲೇ ಮಲಗಿ ಚಾವಣಿ ನೋಡುತ್ತಿದ್ದಳು. ಕುಳ್ಳಿ ಶಟಲ್ ಎತ್ತಿಕೊಂಡು, ಬಲೆಯ ಅಡಿಯಿಂದ ಅವಳ ಕಡೆಗೆ ಉರುಳಿಸಿ, ಅಂಪೈರ್ ಕುರ್ಚಿಯತ್ತ ತಿರುಗಿದಳು. ಸ್ಕೋರು ಹೇಳಬೇಕಾದವಳು ಅಕ್ಕ. ಅವಳ ಬಾಯಿ ತೆರೆದಿತ್ತು, ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡಿದ್ದಳು, ಎಲ್ಲಿ ಹಾರಿಹೋಗುತ್ತೇನೋ ಎಂಬಂತೆ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದುದು ಅವಳಿಗೆ ತಿಳಿದಿತ್ತೋ ಇಲ್ಲವೋ.

ಕುಳ್ಳಿ ಒಂದಿಷ್ಟು ಕಾದಳು. ಆಮೇಲೆ, ಪಾಯಿಂಟು ಕಳೆದುಕೊಂಡ ಅವಳೇ, ಎದುರಾಳಿಯ ಸ್ಕೋರನ್ನು ಮೊದಲು, ತನ್ನದನ್ನು ಆಮೇಲೆ, ಮೆಲ್ಲಗೆ, ಎಲ್ಲರಿಗೂ ಕೇಳುವಂತೆ ಹೇಳಿದಳು. ಅಕ್ಕ ತಲೆಯಾಡಿಸಿದಳು. ಎಡಗೈಯವಳು ಎದ್ದು ನಿಂತು ಶಟಲಿನ ಗರಿ ನೇವರಿಸಿ ಸರಿಮಾಡಿಕೊಂಡು, ಸರ್ವಿಸ್ ಮಾಡಲು ಗೆರೆಯ ಬಳಿಗೆ ಬಂದಳು.